ಎತ್ತರದ ಕಾಡುಹಾದಿಯಲ್ಲಿ ಮೌಂಟನ್ ಬೈಕ್ ಇಳಿಸುವ ಕ್ರಮ

ಹಿಮಾಚಲ ಪ್ರದೇಶದ ಜಲೋರಿ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಅಂಥ ಎತ್ತರದ ದೇವದಾರು, ಓಕ್ ಮರಗಳ ಕಾಡಿನಲ್ಲಿ ಸೈಕಲ್ ಇಳಿಸಬೇಕೆಂದು ಇಲ್ಲಿಂದ ಹೊರಡುವವರು ದುಬಾರಿ ಸೈಕಲ್ಲಿನ ಬಗ್ಗೆ ಮಾಡುವ ಯೋಚನೆಯಲ್ಲಿ ಅರ್ಧದಷ್ಟನ್ನಾದರೂ ಬ್ರೇಕ್ ಹಿಡಿಯುವ ಅಭ್ಯಾಸಕ್ಕೆ ಕೊಡಬೇಕು. ಇಳಿಜಾರಿನಲ್ಲಿ ಸವಾರನನ್ನು ಕೆಡಹುವುದು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಹಿಡಿದ ಬ್ರೇಕ್. ಹೆದರಿಕೆ ಹುಟ್ಟಿದ ಜಾಗದಲ್ಲಿ ಬೆರಳು ತಾನಾಗಿ ಬ್ರೇಕಿನ ಹಿಡಿಯ, ಅಂದರೆ ಲಿವರಿನ, ಮೇಲೆ ಬಿಗಿಯುತ್ತದೆ. ಆದರೆ ಟೈರಿಗೆ ಹಿಡಿತ ಸಿಗುವ ಜಾಗ ಬಹುತೇಕ ಅದಕ್ಕಿಂತ ಹಿಂದೆಯೇ ಮುಗಿದಿರುತ್ತದೆ.

ಈ ಅಭ್ಯಾಸಕ್ಕೆ ಬೆಳಗಾವಿ ಬಳಿಯ ಯಳ್ಳೂರಿನ ರಾಜಹಂಸಗಡ ಕೋಟೆಯ ಸುತ್ತಲಿನ ಇಳಿಜಾರುಗಳು ಸಾಕು. ಜನ, ದನಕರು ಓಡಾಡದ ಹೊತ್ತು ನೋಡಿಕೊಂಡು, ಕೆಂಪು ಗರಸಿನ ಒಂದು ಸಣ್ಣ ಇಳುಕಲನ್ನು ಆರಿಸಿಕೊಳ್ಳಿ. ಸಡಿಲ ಹರಳುಕಲ್ಲುಗಳು ಟೈರಿನಡಿ ಉರುಳುವುದರಿಂದ ಬ್ರೇಕಿನ ತಪ್ಪು ಅಲ್ಲಿ ಕೂಡಲೇ ಗೊತ್ತಾಗುತ್ತದೆ. ತಿರುವಿಗೆ ಮೊದಲು ದಾರಿಯ ಬದಿಯಲ್ಲಿ ಒಂದು ಕಲ್ಲಿಟ್ಟು, ಆ ಕಲ್ಲನ್ನು ದಾಟುವಷ್ಟರಲ್ಲಿ ಬ್ರೇಕ್ ಹಿಡಿಯುವ ಕೆಲಸವೆಲ್ಲ ಮುಗಿದು ಬೆರಳು ಸಡಿಲವಾಗಿರಬೇಕೆಂಬ ನಿಯಮ ಹಾಕಿಕೊಳ್ಳಿ. ಇಳಿದ ಮೇಲೆ ನಡೆದುಕೊಂಡು ವಾಪಸ್ ಬಂದು ನೆಲವನ್ನು ನೋಡಬೇಕು: ಹಿಂದಿನ ಚಕ್ರ ಉಜ್ಜಿಕೊಂಡು ಹೋದ ಉದ್ದ ಗೀರು ಕಂಡರೆ ಚಕ್ರ ಪೂರ್ತಿ ನಿಂತು ಜಾರಿದೆ ಎಂದು ಅರ್ಥ, ಟೈರಿನ ಗುಬ್ಬಿಗಳ ಅಚ್ಚು ಸ್ಪಷ್ಟವಾಗಿ ಮೂಡಿದ್ದರೆ ಅದು ಉರುಳುತ್ತಲೇ ನಿಧಾನವಾಗಿದೆ. ಗೀರು ಮಾಯವಾಗುವ ತನಕ ಇದನ್ನೇ ಮಾಡುವುದು ಬೇಸರದ ಕೆಲಸವೇ ಸರಿ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ.

ಲಿವರಿನ ಮೇಲೆ ಪ್ರತಿ ಕೈಯ ಒಂದೇ ಬೆರಳಿರಲಿ, ಉಳಿದವು ಹ್ಯಾಂಡಲನ್ನು ಹಿಡಿದಿರಲಿ. ಹೆಚ್ಚಿನ ತಡೆಶಕ್ತಿ ಬರುವುದು ಮುಂದಿನ ಬ್ರೇಕಿನಿಂದಲೇ, ಏಕೆಂದರೆ ನಿಧಾನವಾಗುವಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಅದನ್ನು ಮುಟ್ಟಿದರೆ ಮಗುಚುತ್ತೇವೆಂಬ ಹೆದರಿಕೆಯಿಂದ ಹಿಂದಿನದನ್ನು ಮಾತ್ರ ಹಿಡಿಯುವವರು ಇಳಿಜಾರಿನುದ್ದಕ್ಕೂ ಜಾರುತ್ತಲೇ ಹೋಗುತ್ತಾರೆ. ಬಾಡಿಗೆ ಸೈಕಲ್ ತೆಗೆದುಕೊಂಡಾಗ ಮುಂದಿನ ಬ್ರೇಕ್ ಯಾವ ಕೈಯಲ್ಲಿದೆ ಎಂಬುದನ್ನು ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಅದು ಎಲ್ಲ ಸೈಕಲ್ಲುಗಳಲ್ಲಿ ಒಂದೇ ಕಡೆ ಇರುವುದಿಲ್ಲ. ಉದ್ದನೆಯ ಇಳುಕಲಿನಲ್ಲಿ ಬ್ರೇಕನ್ನು ಸಣ್ಣಗೆ ಒತ್ತಿಕೊಂಡೇ ಹೋದರೆ ಡಿಸ್ಕ್ (ಬ್ರೇಕ್ ಕಚ್ಚಿ ಹಿಡಿಯುವ ಲೋಹದ ಬಿಲ್ಲೆ) ಕಾದು ಹಿಡಿತ ಕುಂದುತ್ತದೆ. ಆದ್ದರಿಂದ ನೆಲ ಗಟ್ಟಿಯಾಗಿರುವಲ್ಲಿ ಬಲವಾಗಿ ಹಿಡಿದು, ಮುಂದೆ ಪೂರ್ತಿ ಬಿಟ್ಟು, ಡಿಸ್ಕಿಗೆ ಗಾಳಿ ತಾಗಲು ಅವಕಾಶ ಕೊಡಬೇಕು.

ದೇಹದ ಭಂಗಿ ಇದಕ್ಕೆ ಹೊಂದಿಕೊಂಡಿರಬೇಕು. ಸೀಟನ್ನು ಮೊದಲೇ ಕೆಳಗಿಳಿಸಿ, ಎರಡೂ ಪೆಡಲುಗಳನ್ನು ಒಂದೇ ಮಟ್ಟದಲ್ಲಿಟ್ಟುಕೊಂಡು ನಿಂತು, ಹಿಮ್ಮಡಿಯನ್ನು ತುಸು ಕೆಳಕ್ಕೆ ಒತ್ತಿ, ಮೊಣಕೈಗಳನ್ನು ಅಗಲಿಸಿ, ಸೊಂಟದಿಂದ ಬಾಗಬೇಕು. ತೀರಾ ಹಿಂದಕ್ಕೆ ಸರಿದು ಕುಳಿತರೆ ಮುಂದಿನ ಚಕ್ರದ ಮೇಲಿನ ಭಾರ ಇಲ್ಲವಾಗಿ ಅದು ತಿರುವಿನಲ್ಲಿ ಮಾತು ಕೇಳುವುದಿಲ್ಲ. ಕಣ್ಣು ಮುಂದಿನ ಚಕ್ರವನ್ನು ನೋಡದೆ ಹತ್ತಿಪ್ಪತ್ತು ಮೀಟರ್ ಆಚೆಯ ನೆಲವನ್ನು ಓದುತ್ತಿರಲಿ.

ಆ ಎತ್ತರದ ಕಾಡಿನ ನೆಲ ನಮ್ಮ ಗರಸಿನಂತಲ್ಲ. ಮಣ್ಣಿನ ಮೇಲೆ ಸೂಜಿಯಂಥ ಎಲೆಗಳ ದಪ್ಪ ಹಾಸು ಬಿದ್ದಿರುತ್ತದೆ. ಒಣಗಿದ್ದಾಗಲೂ ಅದು ಜಾರುತ್ತದೆ, ಅದರಡಿ ಬೇರು, ಕಲ್ಲು ಅಡಗಿರುತ್ತವೆ. ದಾರಿಗೆ ಅಡ್ಡಲಾಗಿ ಹರಿದ ಹಸಿ ಬೇರನ್ನು ಸಾಧ್ಯವಾದಷ್ಟು ನೇರವಾಗಿ ಅಡ್ಡಹಾಯಬೇಕು. ಓರೆಯಾಗಿ ಏರಿದರೆ ಚಕ್ರ ಬೇರಿನುದ್ದಕ್ಕೂ ಜಾರಿಬಿಡುತ್ತದೆ, ಬೇರಿನ ಮೇಲಿರುವಾಗ ಬ್ರೇಕ್ ಹಿಡಿದರಂತೂ ಬೀಳುವುದು ಹೆಚ್ಚು ಕಡಿಮೆ ಖಚಿತ. ಬೇರಿಗೆ ಎರಡು ಮೀಟರ್ ಹಿಂದೆಯೇ ಬೆರಳು ಬಿಟ್ಟು, ಮೊಣಕಾಲು ಸಡಿಲಿಸಿ, ಸೈಕಲ್ಲನ್ನು ಅದರ ಪಾಡಿಗೆ ದಾಟಿಸಬೇಕು. ರಾಜಹಂಸಗಡದಲ್ಲಿ ಕಲ್ಲಿನ ಗುರುತಿಟ್ಟು ಮಾಡಿದ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲೇ.

ಎತ್ತರದಿಂದ ಟೈರಿನ ಒತ್ತಡವೂ ಬದಲಾಗುತ್ತದೆ. 3,000 ಮೀಟರಿನಲ್ಲಿ ವಾಯುಭಾರ ಸಮುದ್ರಮಟ್ಟದ ಸುಮಾರು ಶೇ. 70ರಷ್ಟು ಮಾತ್ರ ಇರುವುದರಿಂದ, ಬೆಳಗಾವಿಯಲ್ಲಿ ಗಾಳಿ ತುಂಬಿದ ಟೈರು ಅಲ್ಲಿ ಗೇಜಿನಲ್ಲಿ ಸುಮಾರು 3 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ಹೆಚ್ಚು ತೋರಿಸಬೇಕು. ಆದರೆ ಇಲ್ಲಿಯ ಬಿಸಿಲಿನಲ್ಲಿ ತುಂಬಿದ ಗಾಳಿ ಅಲ್ಲಿಯ ಬೆಳಗಿನ ಚಳಿಗೆ ಕುಗ್ಗಿ ಹೆಚ್ಚುಕಡಿಮೆ ಅಷ್ಟೇ ಕಡಿಮೆಯೂ ಆಗಬಹುದು. ಹೀಗಾಗಿ ಊರಿನ ಲೆಕ್ಕವನ್ನು ನಂಬದೆ ಹಾದಿಯ ತಲೆಯಲ್ಲಿ ನಿಂತು ಗೇಜಿನಿಂದ ಅಳೆಯುವುದೇ ಸರಿ. ಟ್ಯೂಬ್‌ಲೆಸ್ ಅಗಲ ಟೈರಿಗೆ ಸವಾರನ ತೂಕ ನೋಡಿ 20ರಿಂದ 28 ಪಿಎಸ್‌ಐ ಸಾಮಾನ್ಯ. ಟ್ಯೂಬ್ ಇದ್ದರೆ ಅದು ಕಲ್ಲಿಗೂ ಚಕ್ರದ ರಿಮ್ಮಿಗೂ ನಡುವೆ ಸಿಕ್ಕಿ ತೂತಾಗದಂತೆ ಇನ್ನಷ್ಟು ಬೇಕು.

ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಇಳಿಯುವಾಗಿನ ಗಾಳಿ ಬೇರೆ ಸೇರುತ್ತದೆ. ಬೆರಳು ಮರಗಟ್ಟಿದರೆ ಬ್ರೇಕಿನ ನವಿರು ಹೋಯಿತೆಂದೇ ತಿಳಿಯಬೇಕು, ಆದ್ದರಿಂದ ಪೂರ್ತಿ ಬೆರಳು ಮುಚ್ಚುವ ಕೈಗವಸು, ಗಾಳಿ ತಡೆಯುವ ಜಾಕೆಟ್ ಜೊತೆಗಿರಲಿ. ಹೆಲ್ಮೆಟ್, ಮೊಣಕಾಲು ಕವಚಗಳ ಬಗ್ಗೆ ಚರ್ಚೆಯೇ ಬೇಡ. ಮರದ ನೆರಳಿನಲ್ಲಿ ಮಂಜುಗಡ್ಡೆಯ ತೆಳು ಪದರ ತಡವಾಗಿ ಕರಗುವ ಕಾರಣ, ಬಿಸಿಲು ಹಾದಿಯನ್ನು ಮುಟ್ಟಿದ ಮೇಲೆ ಹೊರಡುವುದು ಒಳ್ಳೆಯದು.

2,500 ಮೀಟರಿಗಿಂತ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡರೆ ಅದನ್ನು ಪ್ರಯಾಣದ ದಣಿವೆಂದು ತಳ್ಳಿಹಾಕಬಾರದು. ಆ ದಿನ ಹಾದಿಯ ಸವಾರಿ ಬಿಟ್ಟು, ವಾಹನದಲ್ಲಿ ಕೆಳಗಿಳಿದು ವಿಶ್ರಮಿಸಬೇಕು. ಬೆಳಗಾವಿಯಿಂದ ಹೊರಟವರು ಮೊದಲ ಎರಡು ದಿನ ಕೆಳಗಿನ ಊರಿನಲ್ಲಿ ತಂಗಿ, ಸಣ್ಣ ಇಳುಕಲುಗಳಲ್ಲಿ ಸೈಕಲ್ ಹೊಂದಿಸಿಕೊಂಡರೆ ದೇಹಕ್ಕೂ ಬ್ರೇಕಿಗೂ ಒಟ್ಟಿಗೇ ಪರೀಕ್ಷೆಯಾಗುತ್ತದೆ. ಕಾಡಿನ ಹಾದಿಯಲ್ಲಿ ಎದುರಿಗೆ ಕುರಿ ಮೇಯಿಸುವವರೋ ಕಟ್ಟಿಗೆ ಹೊತ್ತವರೋ ಸಿಕ್ಕರೆ ಸೈಕಲ್ ನಿಲ್ಲಿಸಿ, ದಾರಿಯ ಇಳಿಜಾರಿನ ಬದಿಗೆ ಸರಿದು ನಿಂತು, ಗುಡ್ಡದ ಕಡೆಯ ಭದ್ರ ಜಾಗವನ್ನು ಅವರಿಗೆ ಬಿಟ್ಟುಕೊಡಿ.