ಅನ್ನ, ಮುದ್ದೆ ಕಡಿಮೆ ಮಾಡಿದರೂ ಬಿಡದ ಯೀಸ್ಟ್ ಸೋಂಕು: ಮನೆಯಲ್ಲಿ ಗಮನಿಸಬೇಕಾದ ಸಂಗತಿಗಳು

ಸಕ್ಕರೆ ಕಾಯಿಲೆಗೆಂದೋ ತೂಕ ಇಳಿಸಲೆಂದೋ ಅನ್ನ, ಮುದ್ದೆ, ಚಪಾತಿಗಳನ್ನು ಕಡಿಮೆ ಮಾಡಿಕೊಂಡವರು ಈಗ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಇಷ್ಟೆಲ್ಲ ಬಿಟ್ಟರೂ ತುರಿಕೆಯಾಗಲಿ ಬಿಳಿಸೆರಗಾಗಲಿ ನಿಂತಿಲ್ಲವೆಂದು ಸಂಕೋಚದಿಂದ ಹೇಳಿಕೊಳ್ಳುತ್ತಾರೆ. ಇದಕ್ಕೆ ಹಲವು ಸಲ ಕಾರಣವಾಗುವ ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್) ಆರೋಗ್ಯವಂತರ ಬಾಯಿ, ಕರುಳು, ಯೋನಿ ಮತ್ತು ಚರ್ಮದ ಮೇಲೂ ಸ್ವಲ್ಪ ಪ್ರಮಾಣದಲ್ಲಿ ಇರುವಂಥದ್ದು. ರಕ್ತದಲ್ಲಿ ಸಕ್ಕರೆ ಏರಿದಾಗ, ಆಂಟಿಬಯೋಟಿಕ್ ಸೇವಿಸಿ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾದಾಗ, ಮೈಯ ಸಂದುಗಳಲ್ಲಿ ಬೆವರು ಆರದೆ ನಿಂತಾಗ ಅದು ಮಿತಿಮೀರಿ ಬೆಳೆಯುತ್ತದೆ. ಊಟದ ಪಥ್ಯ ಈ ಕಾರಣಗಳಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರವಾದುದರಿಂದ, ಉಳಿದವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕಾಗುತ್ತದೆ.

ಪಥ್ಯಕ್ಕಿಂತ ಮುಂಚೆ ಮಾತ್ರೆಗಳ ಡಬ್ಬಿಯನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆ ಕಾರಣದಿಂದಲೇ ಗುಪ್ತಾಂಗದಲ್ಲಿ ಯೀಸ್ಟ್ ಸೋಂಕು ಬರುವ ಸಂಭವ ಹೆಚ್ಚು. ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅನ್ನ, ರೊಟ್ಟಿಗಳನ್ನು ಏಕಾಏಕಿ ಪೂರ್ತಿ ಬಿಟ್ಟರೆ ಕೊಬ್ಬು ಕರಗುವಾಗ ಉಂಟಾಗುವ ಕೀಟೋನ್ ಎಂಬ ಆಮ್ಲದ ಅಂಶ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು, ಮತ್ತು ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಇರುವುದು ಬೇರೆಯೇ ಭಯ: ಊಟ ಇಳಿದು ಔಷಧ ಇಳಿಯದಿದ್ದರೆ ಸಕ್ಕರೆ ತೀರ ಕೆಳಗೆ ಹೋಗುತ್ತದೆ. ಆದ್ದರಿಂದ ಪಥ್ಯ ಆರಂಭಿಸುವ ಮೊದಲೇ ವೈದ್ಯರೊಡನೆ ಮಾತನಾಡಿ, ಮಾತ್ರೆಯ ಪ್ರಮಾಣವನ್ನು ಸರಿಪಡಿಸಿಕೊಳ್ಳಿ.

ಊಟದ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿಯೂ 67ರಿಂದ 72 ಗ್ರಾಂ ಇರುವುದರಿಂದ, ಅನ್ನ ಬಿಟ್ಟು ಎರಡು ಮುದ್ದೆ ಉಂಡರೆ ಕಡಿಮೆ ಮಾಡಿದಂತಾಗುವುದಿಲ್ಲ. ಬೆಲ್ಲ, ಜೇನುತುಪ್ಪಗಳೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ. ಹುದುಗಿದ ಹಿಟ್ಟಿನಲ್ಲಿ ಯೀಸ್ಟ್ ಇದೆಯೆಂದು ಇಡ್ಲಿ, ದೋಸೆಗೆ ಹೆದರುವವರಿದ್ದಾರೆ. ಆದರೆ ಆ ಹಿಟ್ಟು ಹುದುಗುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ, ಬೆಂದ ಮೇಲೆ ಅವಾಗಲಿ ಯೀಸ್ಟಾಗಲಿ ಜೀವಂತವಾಗಿ ಉಳಿಯುವುದಿಲ್ಲ. ಇಡ್ಲಿಯನ್ನು ಮಿತಗೊಳಿಸಬೇಕಾದದ್ದು ಅದರಲ್ಲಿರುವ ಅಕ್ಕಿಗಾಗಿ. ತಟ್ಟೆಯ ಅರ್ಧಭಾಗ ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ, ದಂಟು, ಮೆಂತ್ಯ, ಸಬ್ಬಸಿಗೆಯಂಥ ತರಕಾರಿ ಮತ್ತು ಸೊಪ್ಪಿನ ಪಲ್ಯವಿರಲಿ. ಜೊತೆಗೆ ಮೊಟ್ಟೆ, ಮೀನು ಅಥವಾ ಪನೀರು, ಸ್ವಲ್ಪ ಕಾಳು, ಸಕ್ಕರೆ ಬೆರೆಸದ ಗಟ್ಟಿ ಮೊಸರು ಇದ್ದರೆ ಹೊಟ್ಟೆಯೂ ತುಂಬುತ್ತದೆ.

ಪಥ್ಯದ ಮೊದಲ ವಾರದಲ್ಲಿ ತಲೆನೋವು, ತಲೆಸುತ್ತು ಬಂದರೆ ಯೀಸ್ಟ್ ಸಾಯುತ್ತಿರುವುದರ ಗುರುತು ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ಸಾಮಾನ್ಯವಾಗಿ ದೇಹದಿಂದ ನೀರು ಮತ್ತು ಉಪ್ಪು ಹೆಚ್ಚಾಗಿ ಹೊರಹೋಗುವುದರಿಂದ ಆಗುವ ತೊಂದರೆ. ಚಿಟಿಕೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿದರೆ ಸಮಾಧಾನವಾಗುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನಾಲಗೆಯ ಮೇಲೆ ಬಿಳಿ ಪದರ ಕಂಡರೆ ಒದ್ದೆ ಮಾಡಿದ ಮೃದುವಾದ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಹಾಲು, ಮೊಸರಿನ ಅಂಟಾದರೆ ಸುಲಭವಾಗಿ ಬಂದು ಕೆಳಗೆ ನಾಲಗೆ ಎಂದಿನಂತೆಯೇ ಇರುತ್ತದೆ. ಯೀಸ್ಟಾದರೆ ಒರೆಸಿದ ಜಾಗ ಕೆಂಪಗೆ ಹಸಿಹಸಿಯಾಗಿ ಕಾಣುತ್ತದೆ, ಉರಿಯುತ್ತದೆ, ಕೆಲವೊಮ್ಮೆ ಸ್ವಲ್ಪ ರಕ್ತವೂ ಒಸರುತ್ತದೆ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ ಉಗುಳಬೇಕು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು.

ನನ್ನ ಅನುಭವದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು ತೇವ. ಸ್ತನದ ಕೆಳಗೆ, ತೊಡೆಯ ಸಂದಿನಲ್ಲಿ, ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ ಕೆಂಪು ಹೊಳಪಿನ ಮಚ್ಚೆಯೂ ಅದರ ಅಂಚಿನಾಚೆ ಅಲ್ಲಲ್ಲಿ ಸಣ್ಣ ಕೆಂಪು ಗುಳ್ಳೆಗಳೂ ಕಂಡರೆ ಅದು ಕ್ಯಾಂಡಿಡಾ ಇರುವ ಸಂಭವ ಹೆಚ್ಚು. ಸ್ನಾನವಾದ ಮೇಲೆ ಆ ಜಾಗಗಳನ್ನು ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಆರಲು ಬಿಟ್ಟು, ಅನಂತರ ಬಟ್ಟೆ ತೊಡಬೇಕು. ಒಳಉಡುಪು ಹತ್ತಿಯದಾಗಿದ್ದು ಸಡಿಲವಾಗಿರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ದಿನಗಟ್ಟಲೆ ಒಣಗದಿರುವಾಗ ಅರೆ ಒದ್ದೆಯದನ್ನು ತೊಡುವ ಬದಲು ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿಕೊಳ್ಳಿ. ಅಂಥ ಸಂದುಗಳಿಗೆ ಕೊಬ್ಬರಿ ಎಣ್ಣೆಯನ್ನು ದಪ್ಪಗೆ ಬಳಿಯುವುದು ನನಗೆ ಸರಿಕಾಣದು, ಏಕೆಂದರೆ ತೇವ ಒಳಗೇ ಉಳಿಯುತ್ತದೆ. ದಿನವಿಡೀ ಪಾತ್ರೆ ತೊಳೆಯುವ ಕೈಗಳಲ್ಲಿ ಉಗುರಿನ ಬುಡ ಊದಿ ಬಹುಕಾಲ ಮಾಯದ ಉಗುರುಸುತ್ತಿನಲ್ಲಿಯೂ ಇದೇ ಯೀಸ್ಟ್ ಇರಬಹುದು. ಕೈ ಒಣಗಿರುವಂತೆ ನೋಡಿಕೊಳ್ಳದೆ ಔಷಧವೊಂದರಿಂದಲೇ ಅದು ಗುಣವಾಗದು.

ಗುಪ್ತಾಂಗದ ಒಳಗೆ ಮೊಸರು, ಬೆಳ್ಳುಳ್ಳಿ, ವಿನೆಗರ್ ಏನನ್ನೂ ಹಾಕಬೇಡಿ; ಸಾಬೂನಿನಿಂದ ಒಳಗೆ ತೊಳೆಯುವುದೂ ಬೇಡ. ಮೊಸರಿನ ಗಡ್ಡೆಯಂಥ ಬಿಳಿಸೆರಗು ಮತ್ತು ತುರಿಕೆ ಯೀಸ್ಟಿನ ಲಕ್ಷಣ. ದುರ್ವಾಸನೆ, ಹಸಿರು ಬಣ್ಣ, ಜ್ವರ ಅಥವಾ ಕಿಬ್ಬೊಟ್ಟೆಯ ನೋವು ಇದ್ದರೆ ಕಾರಣ ಬೇರೆಯಾಗಿರಬಹುದು, ಪರೀಕ್ಷೆ ಆಗಲೇಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆಸಿದಂಥವು. ಹಚ್ಚಿದೊಡನೆ ತುರಿಕೆ ತಗ್ಗುತ್ತದೆ, ಆದರೆ ಸೋಂಕು ಒಳಗೊಳಗೇ ಹಬ್ಬುತ್ತದೆ. ವೈದ್ಯರು ಹೇಳಿದ ಕ್ಲೋಟ್ರಿಮಜೋಲ್‌ನಂಥ ಬರಿಯ ಫಂಗಸ್ ಮುಲಾಮನ್ನೇ, ಕೆಂಪು ಮಾಯವಾದ ಮೇಲೂ ಹೇಳಿದಷ್ಟು ದಿನ ಹಚ್ಚಿ. ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆಯನ್ನು ಗರ್ಭಿಣಿಯರು ತಾವಾಗಿಯೇ ನುಂಗಬಾರದು. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಲ್ಲಿ ಅದು ಸಕ್ಕರೆಯನ್ನು ಇನ್ನಷ್ಟು ಇಳಿಸಬಲ್ಲದು, ಊಟವೂ ಕಡಿಮೆಯಿದ್ದಾಗ ಇದು ಗಂಭೀರವಾದ ಸಂಗತಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಿಗೆ ಫ್ಲುಕೊನಜೋಲ್‌ನಿಂದ ರಕ್ತಸ್ರಾವದ ಭಯವಿದೆ. ವರ್ಷಕ್ಕೆ 3-4 ಸಲ ಸೋಂಕು ಮರುಕಳಿಸಿದರೆ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾಡಿಸಿ, ನುಂಗುವಾಗ ಗಂಟಲು ಅಥವಾ ಎದೆ ನೋಯುತ್ತಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಿ.