ತಾಯಿ ಕಾರ್ಡಿನ ವಾರ, ಫ್ರೀಜರಿನ ಸೀರಂ

ಗರ್ಭಿಣಿಯರಲ್ಲಿ 20 ವಾರದ ನಂತರ ರಕ್ತದೊತ್ತಡ 140/90ಕ್ಕೆ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯಾವನ್ನು ರಕ್ತಪರೀಕ್ಷೆಯಿಂದ ಮುಂಚಿತವಾಗಿ ಗುರುತಿಸುವ ಅಧ್ಯಯನವೊಂದರಲ್ಲಿ ಪ್ರಯೋಗಾಲಯದ ಹೊಣೆ ನನ್ನದಾಗಿತ್ತು. ನಾವು ಅಳೆಯುತ್ತಿದ್ದುದು ಎರಡು ಪ್ರೋಟೀನುಗಳನ್ನು: ರಕ್ತನಾಳಗಳ ಬೆಳವಣಿಗೆಗೆ ನೆರವಾಗುವ ಪಿಎಲ್‌ಜಿಎಫ್, ಮತ್ತು ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವ ಎಸ್‌ಫ್ಲಿಟ್-1. ಈ ಕಾಯಿಲೆಯಲ್ಲಿ ಮಾಸು ಎರಡನೆಯದನ್ನು ವಿಪರೀತವಾಗಿ ರಕ್ತಕ್ಕೆ ಬಿಡುತ್ತದೆಂಬುದು 2003ರಲ್ಲೇ ಪ್ರಕಟವಾಗಿತ್ತು. ಶಂಕಿತರಲ್ಲಿ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಬರುವ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಕಾಯಿಲೆ ಬರುವ ಸಂಭವ ತೀರಾ ಕಡಿಮೆಯೆಂದು 2016ರ ಅಧ್ಯಯನವೊಂದು ತೋರಿಸಿತ್ತು.

ಕಷ್ಟವೆಲ್ಲ ಪ್ರಯೋಗಾಲಯದೊಳಗೇ ಇದೆಯೆಂದು ನಾನು ನಂಬಿದ್ದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವಾದ ಸೀರಂ ಬೇರ್ಪಡಿಸಿ, ಪದೇಪದೇ ಕರಗಿಸಬೇಕಾಗದಂತೆ ಸಣ್ಣ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಿದ್ದೆವು. ಕರೆಂಟು ಹೋದ ರಾತ್ರಿಗಳಲ್ಲಿ ಜನರೇಟರ್ ಹತ್ತಿತೋ ಇಲ್ಲವೋ ಎಂದು ಎದ್ದು ಹೋಗಿ ನೋಡಿಬಂದದ್ದೂ ಉಂಟು.

ಆದರೆ ನಾನು ಎಡವಿದ್ದು ಬೇರೆಡೆ. ಜನವರಿಯ ಕೊನೆಯಲ್ಲಿ ಬಂದ ಒಬ್ಬ ಚೊಚ್ಚಲ ಬಸುರಿಯ ಪಿಎಲ್‌ಜಿಎಫ್, ನಾವು ತುಂಬಿದ್ದ ಮಾಹಿತಿ ನಮೂನೆಯಲ್ಲಿದ್ದ 30 ವಾರಕ್ಕೆ ಹೋಲಿಸಿದರೆ ಗಾಬರಿಯಾಗುವಷ್ಟು ಕಡಿಮೆಯಿತ್ತು. ರಕ್ತದೊತ್ತಡ ಮಾತ್ರ ಸರಿಯಾಗಿತ್ತು. ಕಿಟ್ ಕೆಟ್ಟಿರಬಹುದೆಂದು ಮತ್ತೊಮ್ಮೆ ಪರೀಕ್ಷಿಸಿದೆ, ಅದೇ ಅಂಕಿ ಬಂತು. ಮುಂದಿನ ಭೇಟಿಯಲ್ಲಿ ನಾನೇ ಹೋಗಿ, "ಕೊನೆಯ ಸಲ ಮುಟ್ಟಾಗಿದ್ದು ಯಾವಾಗಮ್ಮ?" ಎಂದು ಕೇಳಿದೆ. "ಗೌರಿ ಹಬ್ಬಕ್ಕೆ ಎರಡು ದಿನ ಇತ್ತು ಮೇಡಂ. ಮದುವೆಯಾದ ಮೊದಲನೇ ಗೌರಿ, ಬಾಗಿನ ಕೊಡೋಕಾಗಲಿಲ್ಲ ಅಂತ ಅತ್ತೆ ಬೇಜಾರು ಮಾಡಿಕೊಂಡಿದ್ರು" ಎಂದಳು. ಆ ವರ್ಷ ಹಬ್ಬ ಬಂದದ್ದು ಆಗಸ್ಟ್ ಕೊನೆಗೆ. ತಾಯಿ ಕಾರ್ಡಿನಲ್ಲಿ ಯಾರೋ ಅಂದಾಜಿಗೆ ಜುಲೈ 1 ಎಂದು ಬರೆದಿದ್ದರು, ನಾವು ಅದನ್ನೇ ನಕಲು ಮಾಡಿದ್ದೆವು. ಆಕೆಯ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ಮೊದಲ ಸ್ಕ್ಯಾನಿನ ವರದಿಯೂ ಹಬ್ಬದ ಲೆಕ್ಕವನ್ನೇ ಹೇಳುತ್ತಿತ್ತು. ರಕ್ತ ಕೊಟ್ಟ ದಿನ ಆಕೆಗೆ ತುಂಬಿದ್ದು 22 ವಾರ.

ಪಿಎಲ್‌ಜಿಎಫ್ ಸಹಜ ಗರ್ಭದಲ್ಲಿ ಸುಮಾರು 30 ವಾರದವರೆಗೆ ಏರಿ ಆಮೇಲೆ ಇಳಿಯುವ ಪ್ರೋಟೀನ್. ಆದ್ದರಿಂದ 22ನೇ ವಾರಕ್ಕೆ ಸಹಜವಾದ ಅಂಕಿ 30ನೇ ವಾರದಲ್ಲಿ ರೋಗದಂತೆ ಕಾಣುತ್ತದೆ. ನಾನು ಎರಡೆರಡು ಸಲ ಅಳೆದು ಅನುಮಾನಿಸಿದ ಅಂಕಿ ಸರಿಯಾಗಿಯೇ ಇತ್ತು. ಅನುಮಾನಿಸದೆ ಬರೆದುಕೊಂಡ ವಾರ ತಪ್ಪಾಗಿತ್ತು.

ಅಲ್ಲಿಯವರೆಗೆ ಸೇರಿದ್ದ ಎಲ್ಲರ ಕಡತಗಳನ್ನೂ ಮತ್ತೆ ತೆರೆದೆವು. 11ರಿಂದ 14 ವಾರದೊಳಗಿನ ಸ್ಕ್ಯಾನ್ ಇಲ್ಲದವರನ್ನು ವಿಶ್ಲೇಷಣೆಯಿಂದ ಕೈಬಿಡಬೇಕಾಯಿತು. ತಿಂಗಳುಗಟ್ಟಲೆ ಜೋಪಾನ ಮಾಡಿದ್ದ ಟ್ಯೂಬುಗಳವು, ಹೊಟ್ಟೆ ಉರಿಯಿತು. ನಮೂನೆಯಲ್ಲಿ ದಿನಾಂಕದ ಪಕ್ಕಕ್ಕೆ "ಹೇಗೆ ತಿಳಿಯಿತು?" ಎಂಬ ಅಂಕಣ ಸೇರಿಸಿ, ರಕ್ತ ತೆಗೆಯುವ ಮೇಜಿನ ಎದುರಿಗೆ ಹಬ್ಬಹರಿದಿನಗಳಿರುವ ಗೋಡೆ ಕ್ಯಾಲೆಂಡರ್ ಒಂದನ್ನು ತೂಗುಹಾಕಿದೆವು.