ಗಲ್ಫಿಗೆ ಹೊರಟವರೇ, ಪೋಸ್ಟ್‌ಪೇಯ್ಡ್ ಸಿಮ್ ಹಾಗೇ ಬಿಟ್ಟು ಹೋಗಬೇಡಿ
ಭಟ್ಕಳ, ಹೊನ್ನಾವರ, ಕಾರವಾರದ ಕಡೆಯಿಂದ ದುಬೈ, ಮಸ್ಕತ್ ಅಂತ ಕೆಲಸಕ್ಕೆ ಹೋಗುವವರು ಜಾಸ್ತಿ. ವೀಸಾ, ಟಿಕೆಟ್ ಗಡಿಬಿಡಿಯಲ್ಲಿ ಪೋಸ್ಟ್‌ಪೇಯ್ಡ್ ಸಿಮ್ ಮರೆತೇ ಹೋಗುತ್ತದೆ. ಬಳಸದಿದ್ದರೂ ತಿಂಗಳ ಬಿಲ್ ಬರುತ್ತದೆ. ಬಾಕಿ ಉಳಿದರೆ ನಂಬರ್ ಕಟ್ ಆಗಬಹುದು, ಪೋರ್ಟ್ ಮಾಡುವುದಕ್ಕೂ (ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವುದಕ್ಕೂ) ತೊಂದರೆ.

ಹಾಗಂತ ಸಿಮ್ ಬಂದ್ ಮಾಡಿಸಬೇಡಿ, ದಯವಿಟ್ಟು. ಬ್ಯಾಂಕ್, ಆಧಾರ್ ಒಟಿಪಿ ಬರುವುದು ಅದೇ ನಂಬರಿಗೆ. ಬಂದ್ ಆದ ನಂಬರನ್ನು ಕಂಪನಿ ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ನಿಮ್ಮ ಒಟಿಪಿ ಅವರ ಕೈಗೆ ಹೋದರೆ ಕಷ್ಟ ಅಲ್ವಾ?

ಪ್ರಿಪೇಯ್ಡ್‌ಗೆ ಬದಲಾಯಿಸುವುದೇ ಒಳ್ಳೆಯದು. ನಂಬರ್ ಅದೇ ಉಳಿಯುತ್ತದೆ. ಬಾಕಿ ಪೂರ್ತಿ ಕಟ್ಟಿ, ಡೆಪಾಸಿಟ್ ಇದ್ದರೆ ವಾಪಸ್ ಕೇಳಿ. ಫ್ಯಾಮಿಲಿ ಪ್ಲಾನ್ ನಿಮ್ಮ ಹೆಸರಲ್ಲಿದ್ದರೆ ಅಪ್ಪ ಅಮ್ಮನ ನಂಬರುಗಳಿಗೆ ಮೊದಲು ಬೇರೆ ವ್ಯವಸ್ಥೆ ಮಾಡಿ. ಇದೆಲ್ಲ ಊರಲ್ಲಿದ್ದಾಗಲೇ ಮುಗಿಸಿ. ಬದಲಾವಣೆಗೆ ಬರುವ ಒಟಿಪಿಗೂ ಸಿಮ್ ಚಾಲ್ತಿಯಲ್ಲಿರಬೇಕು.

ಅಲ್ಲಿಯೂ ಒಟಿಪಿ ಬರಬೇಕಲ್ಲ, ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಆದರೆ ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಇರಲಿ. ಸುಮ್ನೆ ದುಡ್ಡು ಹೋಗುವುದು ಅಲ್ಲೇ. ಅಲ್ಲಿ ಹೋದ ಮೇಲೆ ಸಿಮ್ ಡಬ್ಬಿಯಲ್ಲಿಟ್ಟು ಮರೆಯಬೇಡಿ. 90 ದಿನ ಕಾಲ್, ಮೆಸೇಜ್, ಡೇಟಾ ಯಾವುದೂ ಇಲ್ಲದೆ ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆ ಇದ್ದರೆ ನಂಬರ್ ಹೋಗಬಹುದು. ಮನೆಯವರಿಗೆ ಹೇಳಿ ಆಗಾಗ ರೀಚಾರ್ಜ್ ಮಾಡಿಸಿ.

ಫೋನ್ ಇಎಂಐನಲ್ಲಿ ತಗೊಂಡಿದ್ದರೆ ಅದು ಬೇರೆಯೇ ಸಾಲ. ಸಿಮ್ ಬದಲಾದರೂ ಕಂತು ತಪ್ಪುವುದಿಲ್ಲ, ಖಾತೆಯಲ್ಲಿ ಹಣ ಇಟ್ಟೇ ಹೊರಡಿ.